ಕೃಷ್ಣೆಯ ದಂಡೆಯ ಸೈರನ್ನಿಗೆ ಅಪ್ಡೇಟ್ ಕಳಿಸುವವರಿಗೆ

ಬೆಂಗಳೂರಿನ ಕಚೇರಿಯಲ್ಲಿ ಕುಳಿತು ಸುರಪುರ ತಾಲ್ಲೂಕಿನ ನಮ್ಮ ಸೈರನ್ ಕೂಗಿಸುವ ಮಾನ್ಯ ನಿರ್ದೇಶಕರೇ,

ನಿಮ್ಮ ಅಪ್ಡೇಟಿನಿಂದ ನಮ್ಮೂರಿನ ಲಾಲಮ್ಮ ಸತ್ತಿದ್ದಾಳೆ. ಹೀಗೆ ನೇರವಾಗಿ ಬರೆದರೆ ನಿಮ್ಮವರು ಒಪ್ಪುವುದಿಲ್ಲವೆಂದು ಗೊತ್ತು. ನಿಮ್ಮ ದಾಖಲೆಯ ಪ್ರಕಾರ ಆ ದಿನ ಸೈರನ್ ಸರಿಯಾದ ಹೊತ್ತಿಗೇ ಕೂಗಿದೆ, ಯಂತ್ರದಲ್ಲಿ ಯಾವ ದೋಷವೂ ಇರಲಿಲ್ಲ. ಹೌದು, ಕೂಗಿತು. ನಾನೂ ಕೇಳಿಸಿಕೊಂಡೆ, ಲಾಲಮ್ಮನೂ ಕೇಳಿಸಿಕೊಂಡಳು. ಕೇಳಿಯೂ ನಾವೇಕೆ ಮರಳು ಬಿಟ್ಟು ಏಳಲಿಲ್ಲ ಎಂದು ನಿಮ್ಮ ಕಚೇರಿ ಒಂದು ಸಲವೂ ವಿಚಾರಿಸಲಿಲ್ಲ. ವಿಚಾರಿಸದಿದ್ದರೂ ಹೇಳುತ್ತೇನೆ, ನಾಲ್ಕು ಜನರ ಎದುರಿಗೇ ಹೇಳುತ್ತೇನೆ.

ನಮ್ಮ ಬದುಕು ನಿಮಗೆ ಗೊತ್ತಿರಲಿಕ್ಕಿಲ್ಲ. ಬೇಸಿಗೆಯಲ್ಲಿ ಕೃಷ್ಣೆ ಸೊರಗಿ ಒಂದು ಬದಿಗೆ ಸರಿಯುತ್ತಾಳೆ. ತೆರವಾದ ಮರಳಿನಲ್ಲಿ ನಮ್ಮ ಓಣಿಯ ಹೆಂಗಸರು ಕಲ್ಲಂಗಡಿ, ಸೌತೆಬಳ್ಳಿ ಹಾಕುತ್ತಾರೆ. ಗಂಡಸರು ಉಳಿದ ಮಡುಗಳಲ್ಲಿ ಬಲೆ ಬಿಡುತ್ತಾರೆ. ಮೇಲಿನ ಅಣೆಕಟ್ಟಿನಿಂದ ನೀರು ಬಿಟ್ಟರೆ ಆಕಾಶದಲ್ಲಿ ಒಂದು ತುಣುಕು ಮೋಡವಿಲ್ಲದಿದ್ದರೂ ಹೊಳೆ ಬರುತ್ತದೆ. ಅದಕ್ಕೇ ದಂಡೆಯ ಮೇಲೆ ಕಂಬ ನೆಟ್ಟು ನಿಮ್ಮ ಪೆಟ್ಟಿಗೆ ಕೂರಿಸಿದ್ದು. ನೀರು ಬಿಟ್ಟ ಸುದ್ದಿ ಅದಕ್ಕೆ ಮುಟ್ಟಿದ ಕೂಡಲೇ ಸೈರನ್ ಕೂಗಬೇಕು, ನಾವು ಬುಟ್ಟಿ ಬಿಸಾಕಿ ದಂಡೆ ಹತ್ತಬೇಕು. ಮೊದಲ ವರ್ಷ ಅದು ಹಾಗೆಯೇ ನಡೆಯಿತು. ಅದು ಬಾಯಿ ಬಿಟ್ಟರೆ ನೀರು ಬರುತ್ತಿತ್ತು, ನೀರಿಲ್ಲದಿದ್ದರೆ ಬಾಯಿ ಬಿಡುತ್ತಿರಲಿಲ್ಲ. ಒಂದು ಯಂತ್ರದಿಂದ ಬಡವರು ಇನ್ನೇನು ಕೇಳುತ್ತಾರೆ?

ನಿಮ್ಮ ಕಾಗದಗಳಲ್ಲಿ ಇದಕ್ಕೆ 'ಸಮುದಾಯ ಬೆಂಬಲಿತ ಯಂತ್ರ' ಎಂಬ ಗೌರವದ ಹೆಸರಿದೆ. ಇದರ ಅರ್ಥ ತಿಳಿಯಲು ನನಗೆ ಬಹಳ ದಿನ ಬೇಕಾದವು. ಸೌರಫಲಕದ ಧೂಳು ಒರೆಸುವುದು ಸಮುದಾಯ. ಬ್ಯಾಟರಿ ಕೆಟ್ಟರೆ ಮನೆಮನೆಗೆ ಹೋಗಿ ಹಣದ ಪಟ್ಟಿ ಎತ್ತುವುದು ಸಮುದಾಯ. ಕಂಬಕ್ಕೆ ಮಂಗ ಜೋತುಬಿದ್ದರೆ ಓಡಿಸುವುದೂ ಸಮುದಾಯವೇ. ಆದರೆ ಅದರೊಳಗೆ ಯಾವಾಗ ಏನು ತುಂಬಬೇಕು, ಅದು ಯಾವಾಗ ಕೂಗಬೇಕು ಎನ್ನುವುದು ಮಾತ್ರ ತಮ್ಮ ಪರಮಾಧಿಕಾರ. ಹೊರುವ ಕೆಲಸ ನಮ್ಮದು, ಹೊರಿಸುವ ಕೆಲಸ ನಿಮ್ಮದು. ನಾನು ಯಂತ್ರ ಸಮಿತಿಯ ಕಾರ್ಯದರ್ಶಿ. ಆ ಪೆಟ್ಟಿಗೆಯ ಬಗ್ಗೆ ನನಗಿರುವ ಅಧಿಕಾರವೆಂದರೆ ಒರೆಸುವ ಬಟ್ಟೆಯ ಮೇಲಿನದು.

ಹೋದ ವರ್ಷ ತಾವು ಪೆಟ್ಟಿಗೆ ತಾನಾಗಿಯೇ ಅಪ್ಡೇಟ್ ಆಗುವ ಏರ್ಪಾಡು ಮಾಡಿದಿರಿ. ಅಂದಿನಿಂದ ಶುರುವಾಯಿತು ನಮ್ಮ ಗ್ರಹಚಾರ. ಪ್ರತಿ ಅಪ್ಡೇಟ್ ಮುಗಿದ ಮೇಲೆ ಪೆಟ್ಟಿಗೆ ತನ್ನ ಗಂಟಲು ಸರಿಯಿದೆಯೋ ಇಲ್ಲವೋ ಎಂದು ಒಮ್ಮೆ ಪೂರ್ತಿ ಕೂಗಿ ನೋಡುತ್ತದೆ. ನೀರು ಬಂದಾಗಿನ ಅದೇ ಕೂಗು, ಅಷ್ಟೇ ಉದ್ದ, ಅಷ್ಟೇ ಜೋರು. ಮೊದಲ ಸಲ ನಾವು ಎದ್ದುಬಿದ್ದು ಓಡಿದೆವು. ನನ್ನ ಗಂಡ ದೇವಿಂದ್ರ ಬಲೆಯನ್ನು ಮಡುವಿನಲ್ಲೇ ಬಿಟ್ಟು ಬಂದ. ದಂಡೆ ಹತ್ತಿ ನೋಡಿದರೆ ಹೊಳೆ ತಣ್ಣಗೆ ಮಲಗಿತ್ತು. ನನ್ನ ಫೋನಿಗೆ ಮಾತ್ರ ಸಂದೇಶ ಬಂದಿತ್ತು, 'ಸಣ್ಣಪುಟ್ಟ ದೋಷಗಳನ್ನು ನಿವಾರಿಸಲಾಗಿದೆ' ಎಂದು. ಯಾವ ದೋಷ? ಯಾರ ದೋಷ? ಅಪ್ಡೇಟಿನ ನಂತರ ಪೆಟ್ಟಿಗೆಯ ದೀಪ ಹಸಿರಿದ್ದದ್ದು ನೀಲಿಯಾಗಿತ್ತು. ಅದೊಂದೇ ನಮ್ಮ ಕಣ್ಣಿಗೆ ಕಂಡ ಸುಧಾರಣೆ.

ಆಮೇಲೆ ಅವು ಬರುತ್ತಲೇ ಹೋದವು. ನಿಮ್ಮ ಕಚೇರಿ ತೆರೆದು, ಚಹಾ ಕುಡಿದು, ಯಾರೋ ಗುಂಡಿ ಒತ್ತುವ ಹೊತ್ತು ನಮ್ಮ ಕಡೆ ಬುತ್ತಿ ಬಿಚ್ಚುವ ಹೊತ್ತು. ಬೆಳಕು ಹರಿಯುವ ಮೊದಲೇ ಮರಳಿಗಿಳಿದವರಿಗೆ ಆ ವೇಳೆಗೆ ಹೊಟ್ಟೆ ಹಸಿದಿರುತ್ತದೆ. ದೇವಿಂದ್ರನ ಸೋದರತ್ತೆ ಲಾಲಮ್ಮ ನಮ್ಮೆಲ್ಲರಿಗಿಂತ ಹಿರಿಯಳು, ನಗೆಚಾಟಿಕೆಯ ಹೆಂಗಸು. ಒಂದು ದಿನ ಸೈರನ್ ಕೂಗಿದ ಕೂಡಲೇ ಆಕೆ ಬಳ್ಳಿ ಬಿಟ್ಟು ಎದ್ದು, "ಏ ಬರ್ರೇ, ಸಾಹೇಬ್ರು ಕರ್ಯಾಕತ್ತಾರ, ಉಣ್ಣಾಮ್" ಎಂದಳು. ಬಿದ್ದು ಬಿದ್ದು ನಕ್ಕೆವು. ಮುಂದಿನ ಸಲವೂ ಹಾಗೆಯೇ ಅಂದಳು. ನೋಡುನೋಡುತ್ತ ಅದೇ ನಮ್ಮ ಪದ್ಧತಿಯಾಯಿತು. ಸೈರನ್ ಕೂಗಿದರೆ ಕೈ ಒರೆಸಿಕೊಂಡು ಗುಂಪಾಗಿ ಕೂಡುವುದು, ರೊಟ್ಟಿ, ಪುಂಡಿಪಲ್ಯ, ಶೇಂಗಾ ಹಿಂಡಿ ಹಂಚಿಕೊಳ್ಳುವುದು. ಜೀವ ಉಳಿಸಲು ನೆಟ್ಟ ಕಂಬವನ್ನು ಊಟದ ಗಂಟೆ ಮಾಡಿಕೊಂಡೆವು. ಇದು ನಮ್ಮ ತಪ್ಪು ಎನ್ನುತ್ತೀರಾ? ಇಲ್ಲದ ನೀರಿಗೆ ಹೆದರಿ ಮನುಷ್ಯರು ಎಷ್ಟು ಸಲ ಓಡಬೇಕು, ಮಾನ್ಯರೇ?

ಸುಮ್ಮನೆ ಕೂತಿರಲಿಲ್ಲ ನಾವು. ಯಾದಗಿರಿಯ ನಿಮ್ಮ ಶಾಖೆಗೆ ಹೋದೆ. ಅಲ್ಲಿ ದೂರು ಬರೆದುಕೊಳ್ಳುವ ತೌಹೀದ ಒಳ್ಳೆಯ ಹುಡುಗ. ಕುರ್ಚಿ ಕೊಟ್ಟ, ನೀರು ಕೊಟ್ಟ, ಕಂಪ್ಯೂಟರನ್ನು ನನ್ನ ಕಡೆಗೆ ತಿರುಗಿಸಿಯೂ ತೋರಿಸಿದ.

"ನೋಡ್ರಿ ಅಕ್ಕ, ಸೈರನ್ ಕೂಗವಲ್ದು ಅಂತ ಬರಿಯಾಕ ಜಾಗ ಅದ. ಸುಮ್ಮಸುಮ್ಮನ ಕೂಗ್ತದ ಅಂತ ಬರಿಯಾಕ ಜಾಗಾನೇ ಇಲ್ರಿ."

"ಮತ್ತ ನಾ ಏನ್ ಮಾಡ್ಲಿ?"

"ಕೂಗವಲ್ದು ಅಂತನೇ ಬರೀತೀನ್ರಿ. ಮ್ಯಾಲಿನವ್ರು ಫೋನ್ ಮಾಡಿದ್ರ ನೀವು ಬಾಯಿಲೆ ಹೇಳ್ರಿ."

ಯಾರೂ ಫೋನ್ ಮಾಡಲಿಲ್ಲ. ಬದಲಿಗೆ ಮರುದಿನ ಬೆಂಗಳೂರಿನಿಂದಲೇ ಒಂದು ಸಲ ಸೈರನ್ ಕೂಗಿಸಿ, 'ನಿಮ್ಮ ದೂರು ಪರಿಹಾರವಾಗಿದೆ' ಎಂದು ಸಂದೇಶ ಕಳಿಸಿದಿರಿ. ಸುಮ್ಮನೆ ಕೂಗುತ್ತದೆ ಎಂಬ ದೂರಿಗೆ ಮತ್ತೊಮ್ಮೆ ಸುಮ್ಮನೆ ಕೂಗಿಸಿ ಉತ್ತರ ಕೊಡುವ ಬುದ್ಧಿವಂತಿಕೆಗೆ ನನ್ನ ನಮಸ್ಕಾರ. ಆಗಲೂ ನಾವು ಮರಳಿನಲ್ಲಿ ಉಣ್ಣುತ್ತ ಕೂತಿದ್ದೆವು.

ಆ ದಿನದ ಮಾತಿಗೆ ಬರುತ್ತೇನೆ. ಹೆಚ್ಚುಕಡಿಮೆ ಅದೇ ಹೊತ್ತು, ಅದೇ ಕೂಗು. ಲಾಲಮ್ಮ ಸೊಂಟ ನೇರ ಮಾಡಿಕೊಂಡು, "ಇವತ್ತ ಸಾಹೇಬ್ರಿಗಿ ಲಗೂನ ಹಸಿವಾಗ್ಯಾದ ನೋಡು" ಎಂದು ನಕ್ಕಳು. ಕೂತೆವು. ಮೊಣಕಾಲು ನೋವಿನಿಂದ ಲಾಲಮ್ಮ ಕಾಲು ಚಾಚಿಯೇ ಕೂಡುತ್ತಿದ್ದಳು. ಆಕೆಯ ಮಗಳು ಭಾಗ್ಯ ತಾಯಿಗೆ ರೊಟ್ಟಿ ಮುರಿದು ಕೊಡುತ್ತಿದ್ದಳು. ಮೇಲುಗಡೆಯ ಮಡುವಿನಿಂದ ದೇವಿಂದ್ರ ಕೂಗಿದ್ದು ಆಗ. "ನೀರ್ ಬಂದಾವ, ಏಳ್ರೀ! ಖರೇನೇ ಬಂದಾವ, ಏಳ್ರೀ!"

ಖರೇನೇ ಎಂಬ ಮಾತನ್ನು ಅವನು ಸೇರಿಸಬೇಕಾಯಿತು, ಗಮನಿಸಿ. ಬುತ್ತಿ ಬಿಟ್ಟು ಎದ್ದೆವು. ನಮಗೂ ದಂಡೆಗೂ ನಡುವೆ ಆಗಲೇ ನೀರು ಹರಿಯುತ್ತಿತ್ತು. ಸೈರನ್ ಕೂಗಿದಾಗಲೇ ಎದ್ದಿದ್ದರೆ ಆ ಜಾಗವನ್ನು ಒಣಗಾಲಲ್ಲಿ ದಾಟುತ್ತಿದ್ದೆವು. ಒಬ್ಬರ ಕೈ ಒಬ್ಬರು ಹಿಡಿದು ಇಳಿದೆವು. ಲಾಲಮ್ಮನ ಕೈ ಭಾಗ್ಯಳ ಕೈಯಲ್ಲಿತ್ತು. ಕಾಲಡಿಯ ಮರಳು ಜಾರಿತು, ಮುದುಕಿ ಮುಗ್ಗರಿಸಿದಳು, ಕೈ ತಪ್ಪಿತು. ದೇವಿಂದ್ರ ಹರಿಗೋಲು ತಿರುಗಿಸಿಕೊಂಡು ಹೋದರೂ ಸಿಗಲಿಲ್ಲ. ಕೆಳಗಿನ ಊರಿನ ಸೇತುವೆಯ ಕಂಬದ ಹತ್ತಿರ ಸಿಕ್ಕಾಗ ಆಕೆಯ ಸೆರಗಿನಲ್ಲಿ ಮರಳು ತುಂಬಿತ್ತು.

ನಿಮ್ಮ ಅಧಿಕಾರಿಯೊಬ್ಬರು ವಿಚಾರಣೆಗೆ ಬಂದರು. ಪೆಟ್ಟಿಗೆಯನ್ನು ವಿಚಾರಿಸಿದರು, ನಮ್ಮನ್ನಲ್ಲ. ಸೈರನ್ ಕೂಗಿದ್ದು ಖಚಿತವಾದ ಮೇಲೆ ಅವರ ಮುಖದಲ್ಲಿ ಕಂಡ ನೆಮ್ಮದಿಯನ್ನು ನಾನು ಸಾಯುವವರೆಗೆ ಮರೆಯುವುದಿಲ್ಲ. ಹೋಗುವಾಗ, "ಜನರಲ್ಲಿ ಜಾಗೃತಿ ಮೂಡಿಸಬೇಕು" ಎಂದು ನನಗೇ ಹೇಳಿ ಹೋದರು. ಜಾಗೃತಿ ನಮ್ಮಲ್ಲಿತ್ತು ಸ್ವಾಮಿ. ಅದನ್ನು ಅಪ್ಡೇಟ್ ಕಳಿಸಿ ಕಳಿಸಿ ಅಳಿಸಿದವರು ನೀವು. ನನಗೆ ಸಿಟ್ಟು ಬಂದಿದೆ, ಅದನ್ನು ಮುಚ್ಚಿಡುವ ಮನಸ್ಸೂ ನನಗಿಲ್ಲ.

ಹಾಗಾಗಿ ಕೇಳುತ್ತೇನೆ. ಸೈರನ್ ನೀರಿಗೆ ಮಾತ್ರ ಕೂಗಲಿ, ಬೇರೆ ಯಾವ ಕಾರಣಕ್ಕೂ ಬೇಡ. ಪರೀಕ್ಷೆ ಮಾಡಲೇಬೇಕಿದ್ದರೆ ಬೇರೆ ಸದ್ದು ಕೊಡಿ, ಗಂಟೆ ಬಾರಿಸಿ, ಅದೂ ಮರಳಿನಲ್ಲಿ ಯಾರೂ ಇಲ್ಲದ ಹೊತ್ತಿಗೆ, ಸಮಿತಿಗೆ ಮೊದಲೇ ತಿಳಿಸಿ. ನಾವು ಬೇಡವೆಂದ ದಿನ ಅಪ್ಡೇಟ್ ಬರಕೂಡದು. ನಮ್ಮ ಬೆಂಬಲದಿಂದ ನಿಂತ ಯಂತ್ರದಲ್ಲಿ ನಮ್ಮ ಮಾತಿಗೂ ಇಷ್ಟು ಜಾಗವಿರಲಿ. ಇದನ್ನು ನಿಮ್ಮ ಸಹಿಯೊಂದಿಗೆ ಬರೆದುಕೊಡಿ. ಪೆಟ್ಟಿಗೆ ಕಿತ್ತುಕೊಂಡು ಹೋಗಿ ಎಂದು ನಾನು ಹೇಳುವುದಿಲ್ಲ, ಅದು ನಮಗೆ ಬೇಕು.

ಲಾಲಮ್ಮನ ಕರ್ಮಾಂತರ ಮುಗಿದ ಮೇಲೆ ಮತ್ತೆ ಒಂದು ಅಪ್ಡೇಟ್ ಬಂತು. ಈ ಸಲ ಎಲ್ಲರೂ ಓಡಿದೆವು, ಅಳುತ್ತ ಓಡಿದೆವು. ದಂಡೆ ಹತ್ತಿ ತಿರುಗಿ ನೋಡಿದರೆ ಹೊಳೆಯಲ್ಲಿ ಏನೂ ಇರಲಿಲ್ಲ. ಭಾಗ್ಯ ಕಂಬಕ್ಕೆ ಒರಗಿ ಕೂತು ನನ್ನನ್ನು ಕೇಳಿದಳು, "ಅಕ್ಕ, ಇವತ್ತ ಸುಳ್ಳ ಕೂಗ್ಯಾದ. ನಾಳಿ ಖರೇ ಕೂಗಿದ್ರ ನಮಗ ಹ್ಯಾಂಗ ತಿಳೀಬೇಕು?"

ಆ ಪ್ರಶ್ನೆಯನ್ನು ಹಾಗೆಯೇ ನಿಮಗೆ ಕಳಿಸುತ್ತಿದ್ದೇನೆ. ಉತ್ತರ ಕೊಡಬೇಕಾದವರು ನೀವು, ಬೇಗ ಕೊಡಿ. ಕಲ್ಲಂಗಡಿ ಹಣ್ಣಾಗಿವೆ. ನೀವು ಈ ಪತ್ರ ಓದುವ ಹೊತ್ತಿಗೆ ಭಾಗ್ಯ ಮತ್ತೆ ಮರಳಿಗಿಳಿದಿರುತ್ತಾಳೆ.

ಇಂತಿ,
ನಿಮ್ಮ ಅಪ್ಡೇಟಿಗೆ ಎಷ್ಟು ನಕ್ಷತ್ರ ಕೊಡುತ್ತೀರಿ ಎಂದು ಕೇಳಿದಾಗ ಉತ್ತರಿಸದೆ ಸುಮ್ಮನಿದ್ದುದರಿಂದ ತಮ್ಮ ದಾಖಲೆಯಲ್ಲಿ 'ತೃಪ್ತ ಬಳಕೆದಾರರು' ಎಂದು ನಮೂದಾಗಿರುವ
ಸುಮಲತಾ
ಕಾರ್ಯದರ್ಶಿ, ಯಂತ್ರ ಸಮಿತಿ
ಹೊಳೆದಂಡೆ ಓಣಿ, ಸುರಪುರ ತಾಲ್ಲೂಕು