ಕೈ ಮುರಿದುಕೊಂಡವಳು ಯಾರು?

ಮಾರ್ಚ್ 14, ಶುಕ್ರವಾರ. ಆಸ್ಪತ್ರೆಯ ಮೂಳೆ ವಿಭಾಗದ ಹೊರಗಿನ ಬೆಂಚು. ಪಕ್ಕದಲ್ಲಿ ತಂಗಿ, ಅವಳ ಬಲಗೈಗೆ ಪ್ಲಾಸ್ಟರ್.

ಮಾನ್ಯ ಸುದ್ದಿ ಸಂಪಾದಕರೇ,

ನನ್ನ ತಂಗಿ ಕೈ ಮುರಿದುಕೊಳ್ಳಲಿಲ್ಲ. ಅವಳ ಗಂಡ ಮುರಿದ. ಮಂಗಳವಾರ ನಿಮ್ಮ ಐದನೇ ಪುಟದಲ್ಲಿ ಬಂದದ್ದು: ‘ದಂಪತಿ ಜಗಳ: ಕೈ ಮುರಿದುಕೊಂಡ ಮಹಿಳೆ’. ಆ ‘ಕೊಂಡ’ ಎಂಬ ಎರಡಕ್ಷರದ ಬಗ್ಗೆ ಈ ಪತ್ರ.

ತಲೆ ಬಾಚಿಕೊಂಡಳು, ಸೀರೆ ಉಟ್ಟುಕೊಂಡಳು, ಕೈ ಮುರಿದುಕೊಂಡಳು. ಎಷ್ಟು ಚಟುವಟಿಕೆಯ ಹೆಂಗಸು! ಗಂಡ ಅವಳ ತೋಳನ್ನು ಬಾಗಿಲ ಸಂದಿಗೆ ಸಿಕ್ಕಿಸಿ ಬಾಗಿಲನ್ನು ಒದೆಯುವಾಗ ಇವಳು ಬಿಡುವು ಮಾಡಿಕೊಂಡು ಮುರಿದುಕೊಳ್ಳುತ್ತಿದ್ದಳೇ? ಅದೇ ಪುಟದ ಕೆಳಗೆ ‘ಬೈಕ್ ಕದ್ದ ಯುವಕ’ ಎಂದಿದೆ. ‘ಬೈಕ್ ಕಳೆದುಕೊಂಡ ಮಾಲೀಕ’ ಎಂದು ನಿಮಗೆ ಹೊಳೆಯಲಿಲ್ಲ. ಬೈಕಿಗೆ ಕಳ್ಳ ಸಿಕ್ಕ. ಕೈಗೆ ಮಾತ್ರ ಯಾರೂ ಸಿಗಲಿಲ್ಲ.

ಫೋನ್ ಮಾಡಿದೆ. “ಅಯ್ಯೋ ಮೇಡಂ, ಹೆಡ್ಡಿಂಗು ಒಂದೇ ಸಾಲಲ್ಲಿ ಹಿಡೀಬೇಕಲ್ಲ, ಜಾಗ ಎಲ್ಲಿದೆ?” ಎಂದರು ನಿಮ್ಮ ಉಪಸಂಪಾದಕರು. ಎಣಿಸಿದೆ. ‘ಹೆಂಡತಿಯ ಕೈ ಮುರಿದ ಗಂಡ’ ಎಂದರೆ ಐದಕ್ಷರ ಉಳಿಯುತ್ತಿತ್ತು. “ಆರೋಪ ಸಾಬೀತಾಗ್ಬೇಕಲ್ಲ ಮೇಡಂ,” ಎಂದರು ಆಮೇಲೆ. ಹಾಗಾದರೆ ಉಳಿದ ಜಾಗದಲ್ಲಿ ‘ಆರೋಪ’ ಎಂದು ಸೇರಿಸಬಹುದಿತ್ತು. ಅವಳೇ ಮುರಿದುಕೊಂಡಳೆಂಬುದು ಯಾವ ನ್ಯಾಯಾಲಯದಲ್ಲಿ ಸಾಬೀತಾಗಿದೆ?

ಬುಧವಾರ ಅವಳ ಅತ್ತೆ ನಿಮ್ಮ ಪತ್ರಿಕೆಯ ತುಂಡು ಹಿಡಿದು ವಾರ್ಡಿಗೆ ಬಂದರು. “ನೋಡಮ್ಮಾ, ಪೇಪರ್ನೋರೇ ಹಾಕಿದಾರೆ, ನೀನೇ ಮುರ್ಕೊಂಡಿದ್ದು ಅಂತ. ಇನ್ನು ಸ್ಟೇಷನ್ನಿಗೆ ಹೋದ್ರೆ ಯಾರು ನಂಬ್ತಾರೆ? ಸುಮ್ನೆ ಮನೆಗೆ ಬಾ.”

“ಬರ್ತಾಳೆ, ಇನ್ನೊಂದು ಕೈ ಇದೆಯಲ್ಲ,” ಎಂದೆ. ಅವರು ಎದ್ದು ಹೋದರು. ತುಂಡು ಹಾಸಿಗೆಯ ಮೇಲೆಯೇ ಉಳಿಯಿತು.

ತಂಗಿ ಅದನ್ನು ಎರಡು ಸಲ ಓದಿದಳು. ಗಾರ್ಮೆಂಟ್ಸಿನಲ್ಲಿ ಕಾಲರ್ ಹೊಲಿಯುವವಳು ಅವಳು. ಒಂದು ಹೊಲಿಗೆ ತಪ್ಪಿದರೂ ಕಣ್ಣಿಗೆ ಬೀಳುತ್ತದೆ. ಕೊನೆಗೆ ಕೇಳಿದಳು: “ಅಕ್ಕಾ, ನಾನೇ ಕೈ ಅಡ್ಡ ಇಟ್ಟೆನಾ?”

ಕೈ ಮುರಿದ ದಿನ, ಸೋಮವಾರ, ಅವಳಿಗೆ ಈ ಅನುಮಾನ ಇರಲಿಲ್ಲ. ಮೂಳೆ ಮುರಿದದ್ದು ಅವನು. ಇದನ್ನು ಮಾಡಿದ್ದು ನೀವು.

ತಿದ್ದುಪಡಿ ಅದೇ ಪುಟದಲ್ಲಿ, ಅಷ್ಟೇ ದಪ್ಪ ಅಕ್ಷರದಲ್ಲಿ ಬರಬೇಕು. ವಿಷಾದ ಬೇಡ, ಕರ್ತೃಪದ ಸಾಕು.

ಬರುವ ಸೋಮವಾರ ಬೆಳಿಗ್ಗೆ ಠಾಣೆಗೆ ಹೋಗುವುದೆಂದು ತಂಗಿ ಈಗಷ್ಟೇ ತೀರ್ಮಾನಿಸಿದ್ದಾಳೆ. ದೂರಿನ ಮೊದಲ ವಾಕ್ಯ ಅವಳದೇ: ‘ನನ್ನ ಗಂಡ ನನ್ನ ಕೈ ಮುರಿದ.’ ಸಹಿ ಇನ್ನೂ ಬಿದ್ದಿಲ್ಲ. ನಿಮ್ಮ ಐದನೇ ಪುಟದ ಅಂಚಿನಲ್ಲಿ, ಎಡಗೈಯಿಂದ, ಅಭ್ಯಾಸ ಮಾಡುತ್ತಿದ್ದಾಳೆ.

ಇಂತಿ,
ಹದಿನೆಂಟು ವರ್ಷ ನಿಮ್ಮ ಪತ್ರಿಕೆಯನ್ನು ನಂಬಿಕೊಂಡ (ಈ ‘ಕೊಂಡ’ ಮಾತ್ರ ನನ್ನದೇ ತಪ್ಪು),
ಅವಳ ಅಕ್ಕ