ಪುಂಡಿ ಎಲೆಯ ಟೀ ಶರ್ಟು

ಹಡಪಸರ, ಪುಣೆ
12-8-2004

ಅಕ್ಕನಿಗೆ ರೇಣುವಿನ ಶರಣು.

ಹೋದ ವಾರ ಕಾತ್ರಜದಿಂದ ಬಸ್ಸಿನವರ ಕೈಯಲ್ಲಿ ನಿನ್ನ ಮಗ ಮಾಂತುಗೆ ಕಳಿಸಿದ ಟೀ ಶರ್ಟನ್ನು ಹಾಕಿಕೊಳ್ಳಲು ಕೊಡಬೇಡ. ಇಲ್ಲಿ ತಳ್ಳುಗಾಡಿಗಳ ತುಂಬ ಆ ಹಸಿರು ಎಲೆಯ ಶರ್ಟುಗಳನ್ನೇ ನೇತುಹಾಕಿರುತ್ತಾರೆ. ನಮ್ಮ ಹಿತ್ತಲಿನ ಪುಂಡಿ ಪಲ್ಯದ ಎಲೆ ಪುಣೆಯವರಿಗೂ ಇಷ್ಟು ಸೇರಿತೇ ಎಂದು ಹಿಗ್ಗಿ, ನಮ್ಮ ಸಂಜುಗೊಂದು, ಮಾಂತುಗೊಂದು ತಂದಿದ್ದೆ. ನಿನ್ನೆ ಮೇಲಿನ ಮನೆಯ ನೀರಜಾಬಾಯಿ ಹಗ್ಗದ ಮೇಲೆ ಒಣಗಲು ಹಾಕಿದ್ದನ್ನು ನೋಡಿ, ಅದು ಗಾಂಜಾ ಎಲೆ ಎಂದು ಹೇಳಿದಳು.

ಸಂಜುವನ್ನು ಕೇಳಿದೆ. "ನಂಗೂ ಮೊದ್ಲ ಗೊತ್ತಿರ್ಲಿಲ್ಲವ್ವಾ. ಸಾಲ್ಯಾಗ ಯಾರೂ ನನ್ನ ಕೂಡ ಮಾತಾಡ್ತಿದ್ದಿಲ್ಲ. ಇದನ್ನ ಹಾಕ್ಕೊಂಡ ಮ್ಯಾಲನ ದೊಡ್ಡ ಹುಡುಗ್ರು ಸೇದೂಣು ಬಾ ಅಂತ ಕರದ್ರು" ಎಂದ. ಹೋಗಿದ್ದೆಯಾ ಎಂದೆ. "ಒಂದ ಸಲ" ಎಂದ. ಈಗ ಶಾಲೆಗೆ ನಾನೇ ಬಿಟ್ಟು, ನಾನೇ ಕರೆತರುತ್ತೇನೆ. ಅವನ ಶರ್ಟಿನಿಂದ ನೆಲ ಒರೆಸುತ್ತಿದ್ದೇನೆ.

ಮಾಂತುಗೆ ಮಾತ್ರ ಕಾರಣ ಹೇಳಬೇಡ. ಹೇಳಿದರೆ ಅದನ್ನೇ ಹಾಕಿಕೊಂಡು ಊರೆಲ್ಲ ತಿರುಗುತ್ತಾನೆ. ಬಣ್ಣ ಬಿಡುತ್ತದೆ ಅನ್ನು, ಸಾಕು.

ನಿನ್ನ ಕಣ್ಣಿನ ಆಪರೇಶನ್ ಈಗಷ್ಟೇ ಆಗಿದೆ, ಔಷಧದ ಹನಿ ತಪ್ಪಿಸಬೇಡ. ಡಾಕ್ಟರು ಹೇಳುವ ತನಕ ಏನನ್ನೂ ಓದಬೇಡ.

ಅಯ್ಯ ಶಿವನೇ! ಹಾಗಾದರೆ ಈ ಕಾರ್ಡನ್ನು ನಿನಗೆ ಓದಿ ಹೇಳುತ್ತಿರುವವನು ಮಾಂತುನೇ ಅಲ್ಲವೇ? ಬೇರೆ ಕಾರ್ಡು ಮನೆಯಲ್ಲಿಲ್ಲ, ಇದರಲ್ಲಿ ಜಾಗವೂ ಮುಗಿಯಿತು.

ಮಾಂತೂ, ಆ ಅಂಗಿ ಖರೇನ ಬಣ್ಣ ಬಿಡ್ತದಪಾ.

ನಿನ್ನ ಚಿಗವ್ವ
ರೇಣು