ಜಾರಿ ಬಿದ್ದರು ಎಂದ ಅಣ್ಣನಿಗೆ

ದಾವಣಗೆರೆ
೧೨-೨-೧೯೬೩

ಪ್ರೀತಿಯ ಅಣ್ಣ ಪಾಲಯ್ಯನಿಗೆ,

ನಿನ್ನ ಗಂಟಲು ಚೆನ್ನಾಗಿದೆಯೇ? ಬೇರೆಯವರು ಅಣ್ಣಂದಿರ ಆರೋಗ್ಯ ವಿಚಾರಿಸುತ್ತಾರೆ. ನಾನು ಗಂಟಲನ್ನೇ ವಿಚಾರಿಸುತ್ತೇನೆ, ಈಗ ನಿನ್ನಲ್ಲಿ ದುಡಿಯುವುದು ಅದೊಂದೇ. ಅವ್ವ ಆರೋಗ್ಯವಾಗಿದ್ದಾಳೆ. ಭಾನುವಾರ ಹರಿಹರದ ಕಬಡ್ಡಿ ಫೈನಲನ್ನು ನೀನು ರೇಡಿಯೋದಲ್ಲಿ ವರ್ಣಿಸುತ್ತೀಯೆಂದು ಹೊಸ ಸೀರೆ ಉಟ್ಟು ಪಾರ್ಕಿಗೆ ಬಂದಿದ್ದಳು. ಪುರಸಭೆಯ ಲೌಡ್‌ಸ್ಪೀಕರಿನ ಕೆಳಗೆ ಕೂತು, "ನಮ್ಮ ಪಾಲ ಮಾತಾಡ್ತಾನ, ಗದ್ಲ ಮಾಡಬ್ಯಾಡ್ರಿ" ಎಂದು ಎಲ್ಲರನ್ನೂ ಗದರಿದಳು.

ಒಂದು ಕಡೆ ನಿನ್ನ ಹಳೆಯ ತಂಡ, ಮಿಲ್ಲಿನ ಕೂಲಿಕಾರರು. ಇನ್ನೊಂದು ಕಡೆ ಮಾಲೀಕರ ಮಗ ಕಟ್ಟಿದ ಕ್ಲಬ್ಬು. ನೀನು ಆಡುವಾಗ ನಿನ್ನ ಕೈ ಹಿಡಿದು ನಿಲ್ಲುತ್ತಿದ್ದ ಗೋಣೆಪ್ಪ ದಾಳಿಗೆ ಹೋದ. "ಗೋಣೆಪ್ಪನವರು ಮುನ್ನುಗ್ಗುತ್ತಿದ್ದಾರೆ" ಎಂದು ಪುಸ್ತಕದ ಕನ್ನಡ ಉದುರಿಸುತ್ತಿದ್ದ ನೀನು ಇದ್ದಕ್ಕಿದ್ದಂತೆ ಕಿರುಚಿದೆ: "ಏ, ಸಾಹುಕಾರ್ರ ಮಗ ಒದ್ದನಲ್ಲಲೇ! ಬಿದ್ದವನ ಮಂಡಿಗೆ ಒದ್ದ!" ಒಂದು ಉಸಿರು ಮೌನ. ಆಮೇಲೆ ಬೆಣ್ಣೆ ಸವರಿದ ದನಿ: "ಗೋಣೆಪ್ಪನವರು ಕಾಲು ಜಾರಿ ಬಿದ್ದಿದ್ದಾರೆ." ಆ ಒಂದು ಉಸಿರಿನಲ್ಲಿ ಏನು ಕಂಡೆ ಅಣ್ಣ? ಮುಂದಿನ ಕುರ್ಚಿಯಲ್ಲಿದ್ದ ಮಾಲೀಕರ ಮುಖವೇ? ಮಧ್ಯಾಹ್ನ ಅವರ ಮನೆಯಲ್ಲಿ ಉಂಡ ಹೋಳಿಗೆಯೇ? ಶೇಂಗಾ ಮಾರುವ ಮಾಬೂಬೀ ನನ್ನನ್ನೇ ಕೇಳಿದಳು, "ನಿಮ್ಮಣ್ಣಂಗೆ ಎಷ್ಟು ಬಾಯಿ ಅದಾವವ್ವ?" ಅವ್ವ ತಲೆ ಮೇಲೆ ಸೆರಗೆಳೆದುಕೊಂಡು ಎದ್ದುಬಂದಳು.

ನಾನು ಓದುವ ಕಾರ್ಮಿಕ ಸಂಘದ ಕರಪತ್ರಗಳನ್ನು ನೀನು ಪೊಟ್ಟಣ ಕಟ್ಟುವ ಕಾಗದ ಎನ್ನುತ್ತಿದ್ದೆ. ಅವುಗಳಲ್ಲಿ ಹಣವಂತರ ಬಾಡಿಗೆ ಬಾಯಿಗಳ ಬಗ್ಗೆ ಬರೆದಿರುತ್ತಾರೆ. ಬೈಗುಳವೆಂದುಕೊಂಡಿದ್ದೆ, ಅದೊಂದು ನೌಕರಿಯೆಂದು ಈಗ ತಿಳಿಯಿತು. ಆಡುವ ಕಾಲದಲ್ಲಿ, ಎದುರಾಳಿ ಮುಟ್ಟಿದ್ದು ತೀರ್ಪು ಕೊಡುವ ಪಂಚನಿಗೆ ಕಾಣದಿದ್ದರೂ ನೀನೇ ಕೈ ಎತ್ತಿ ಹೊರಗೆ ಬರುತ್ತಿದ್ದೆ. ಆ ಪಾಲಯ್ಯನನ್ನು ಎಲ್ಲಿ ಹೂತು ಬೆಂಗಳೂರಿನ ಬಸ್ಸು ಹತ್ತಿದೆ?

ಗೋಣೆಪ್ಪನ ಮಂಡಿಚಿಪ್ಪು ಒಡೆದಿದೆ. ಇನ್ನು ಮಗ್ಗದ ಮುಂದೆ ನಿಲ್ಲಲಾರ. ಕೂತು ಮಾಡುವ ಕೆಲಸ ಕೊಡಿ ಎಂದು ಸಂಘದವರು ಕೇಳಿದರೆ, ಮ್ಯಾನೇಜರು, "ಜಾರಿ ಬಿದ್ದನಂತ ರೇಡಿಯೋದಾಗೇ ಬಂದೈತಲ್ರಿ, ನಮ್ದೇನು ತಪ್ಪೈತೆ?" ಎಂದ. ಬರುವ ಸೋಮವಾರ ಮಿಲ್ಲಿನಲ್ಲಿ ಇದರ ವಿಚಾರಣೆಯಿದೆ.

ಅವ್ವ ನಿನಗೆ ಆಶೀರ್ವಾದ ತಿಳಿಸಿದ್ದಾಳೆ. ಅವಳು ಹೇಳಿದ್ದನ್ನಷ್ಟೇ ಬರೆದಿದ್ದೇನೆ, ನನ್ನದೇನೂ ಸೇರಿಸಿಲ್ಲ.

ನಿನ್ನ ತಂಗಿ,
ನಾಗಕ್ಕ

ಇದನ್ನು ಬರೆಯದಿರಬೇಕೆಂದಿದ್ದೆ: ಪಾರ್ಕಿನಲ್ಲಿ ಕೇಳಿದವರೆಲ್ಲ ಸಾಕ್ಷಿ ಹೇಳಲು ಸಿದ್ಧರಿದ್ದರು. ಗೋಣೆಪ್ಪನೇ ತಡೆದ. "ಬ್ಯಾಡವ್ವ, ಪಾಲಣ್ಣನ ನೌಕರಿ ಹೋಗ್ತೈತೆ. ನಾನೇ ಜಾರಿ ಬಿದ್ದೆ ಅಂತ ಬರಕೊಡ್ತೀನಿ" ಎನ್ನುತ್ತಿದ್ದಾನೆ. ಸೋಮವಾರ ಬೆಳಿಗ್ಗೆ ಸಹಿ ಹಾಕುತ್ತಾನೆ. ಅದಕ್ಕೆ ಮುಂಚೆ ಬಾ.